ಒಣಹವೆಯ ಕರಾವಳಿಯಲ್ಲಿ ಬಣ್ಣದ ಕ್ರೋಟನ್ ಗಿಡಗಳ ಬೇಸಾಯ

ಪೀಠಿಕೆ.— ಮನೆಯ ಅಂಗಳಕ್ಕೂ ಪಾಠಶಾಲೆ, ಛತ್ರಗಳ ಆವರಣಕ್ಕೂ ಶೋಭೆಯನ್ನು ಕೊಡುವ ಎಲೆಗಿಡಗಳಲ್ಲಿ ಕ್ರೋಟನ್‌ಗೆ ಸಮನಾದವು ಕಡಮೆ. ಹಸುರು, ಹಳದಿ, ಕಿತ್ತಳೆ, ಕೆಂಪು, ನಸುಗಪ್ಪು ಬಣ್ಣಗಳು ಒಂದೇ ಗಿಡದಲ್ಲಿ, ಕೆಲವು ವೇಳೆ ಒಂದೇ ಎಲೆಯಲ್ಲಿ ಕಾಣಬರುತ್ತವೆ. ಹೂವಿನ ಕಾಲವನ್ನು ಕಾಯಬೇಕಾದುದಿಲ್ಲ. ಆದರೆ ತೂತ್ತುಕುಡಿ, ರಾಮನಾಥಪುರ ಮೊದಲಾದ ಅಲ್ಪವೃಷ್ಟಿಯ ಕಡಲತೀರಗಳಲ್ಲಿ ಈ ಗಿಡವನ್ನು ಬಯಲಿನಲ್ಲಿ ನೆಟ್ಟವರು ಅನೇಕ ವೇಳೆ ನಿರಾಶರಾಗುವುದುಂಟು. ನೆಟ್ಟ ತಿಂಗಳೊಳಗಾಗಿ ಎಲೆಗಳು ಉದುರಿ ಬರಿಯ ಕಡ್ಡಿಗಳು ಉಳಿಯುತ್ತವೆ. ಗಿಡವು ಬದುಕಿದರೂ ಬಣ್ಣವು ಮಾಸುತ್ತದೆ. ನೀರು ಸಾಲದಾಯಿತೆಂದು ಭಾವಿಸಿ ಮತ್ತಷ್ಟು ನೀರನ್ನು ಹೊಯ್ಯುವರು. ಕುಡಿಯುವ ನೀರಿಗೇ ಕಷ್ಟವಿರುವ ಊರುಗಳಲ್ಲಿ ಇದು ಸಣ್ಣ ನಷ್ಟವಲ್ಲ. ದೋಷವು ಬಹುಮಟ್ಟಿಗೆ ನೀರಿನದಲ್ಲ, ಸ್ಥಳದ್ದು. ಸ್ಥಳವನ್ನು ಸರಿಯಾಗಿ ಆರಿಸಿಕೊಂಡಲ್ಲಿ ಮಿತವಾದ ನೀರಿನಿಂದಲೇ ಈ ಗಿಡವನ್ನು ಚೆನ್ನಾಗಿ ಬೆಳೆಯಿಸಬಹುದು.

ಗಿಡದ ಸ್ವಭಾವ.— ಇದು ಹರಳು, ಮರಗೆಣಸುಗಳ ಕುಟುಂಬಕ್ಕೆ ಸೇರಿದುದು. ಲಿನ್ನೇಯಸನು 1753ರಲ್ಲಿ ಇದನ್ನು ಕ್ರೋಟನ್ ಕುಲದಲ್ಲಿ ಸೇರಿಸಿದನು. ಅನಂತರ ಕೋಡಿಯಂ ಎಂಬ ಬೇರೆ ಕುಲಕ್ಕೆ ಮಾರ್ಪಡಿಸಲ್ಪಟ್ಟರೂ ತೋಟಗಾರರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಬಲವಾದ ಭೇದಿಯನ್ನುಂಟುಮಾಡುವ ಜಾಪಾಳವು ನಿಜವಾದ ಕ್ರೋಟನ್ ಕುಲದ್ದು; ಅದು ಬೇರೆ ಗಿಡ.

ಇದರ ತವರು ಮಲಯ ದ್ವೀಪಗಳು ಮತ್ತು ಪೆಸಿಫಿಕ್ ಸಾಗರದ ಪಶ್ಚಿಮದ ದ್ವೀಪಗಳು. ಅಲ್ಲಿ ಸೆಕೆಯೂ ಉಂಟು, ಗಾಳಿಯಲ್ಲಿ ತೇವವೂ ಉಂಟು. ನಮ್ಮ ಒಣ ಕರಾವಳಿಯಲ್ಲಿ ಸೆಕೆಗೆ ಕೊರತೆಯಿಲ್ಲ, ಕೊರತೆಯಿರುವುದು ತೇವಕ್ಕೆ. ತೂತ್ತುಕುಡಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 25 ಅಂಗುಲ. ಅದರಲ್ಲಿ ಹೆಚ್ಚಿನ ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂದುಹೋಗುತ್ತದೆ. ಮಂಗಳೂರಿನಲ್ಲಿ ನೂರು ಅಂಗುಲಕ್ಕೆ ಮಿಕ್ಕಿ ಮಳೆಯಾದರೂ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆಯು ಇಲ್ಲವೆನ್ನುವಷ್ಟು ಕಡಮೆ. ಆದುದರಿಂದ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳವರೂ ಆ ತಿಂಗಳುಗಳಲ್ಲಿ ಈ ಕ್ರಮಗಳನ್ನು ಅನುಸರಿಸಬಹುದು.

ಬಣ್ಣ ಮತ್ತು ಬಿಸಿಲು.— ಎಲೆಯ ಹಸುರಿನ ಜೊತೆಯಲ್ಲಿ ಹಳದಿ ಮತ್ತು ಕೆಂಪು ವರ್ಣದ್ರವ್ಯಗಳೂ ಇರುವುದರಿಂದಲೇ ಈ ವೈಚಿತ್ರ್ಯವು ಉಂಟಾಗಿದೆ. ಗಿಡವು ನೆರಳಿನಲ್ಲಿದ್ದರೆ ದೊರೆತ ಅಲ್ಪ ಬೆಳಕನ್ನು ಹಿಡಿಯುವುದಕ್ಕಾಗಿ ಹಸುರನ್ನೇ ಹೆಚ್ಚಿಸಿಕೊಳ್ಳುತ್ತದೆ. ಉಳಿದ ಬಣ್ಣಗಳು ಅಡಗಿಹೋಗುತ್ತವೆ. ಮಧ್ಯಾಹ್ನದ ಉರಿಬಿಸಿಲು ತಗುಲಿದರೆ ಎಲೆಯು ಬಿಳಿಚಿ, ಕಂದುಬಣ್ಣದ ಸುಟ್ಟ ಕಲೆಗಳು ಬೀಳುತ್ತವೆ. ಬೆಳಗಿನ ನಾಲ್ಕೈದು ಗಂಟೆಗಳ ಬಿಸಿಲು, ಅನಂತರ ತೆಳುನೆರಳು—ಇದು ಒಣಹವೆಯಲ್ಲಿ ಎಲ್ಲಕ್ಕಿಂತ ಹಿತವಾದುದು.

ಸ್ಥಳದ ಆಯ್ಕೆ.— ಬಿಸಿಲಿನಷ್ಟೇ ಗಾಳಿಯನ್ನೂ ಗಮನಿಸತಕ್ಕದ್ದು. ಒಣಗಾಳಿಯು ಬೇರು ಒದಗಿಸುವುದಕ್ಕಿಂತ ವೇಗವಾಗಿ ಎಲೆಯ ನೀರನ್ನು ಹೀರುತ್ತದೆ. ನೆಲವು ಒದ್ದೆಯಾಗಿದ್ದರೂ ಎಲೆಯು ಉದುರುವುದು ಇದರಿಂದಲೇ. ಕಡಲಿನ ಗಾಳಿಯು ಉಪ್ಪಿನ ಹನಿಗಳನ್ನು ತಂದು ಎಲೆಯ ಅಂಚನ್ನು ಸುಡುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಆಯ್ಕೆಯು ಸುಲಭ. ಕಡಲೂ ಪಡುವಣದಲ್ಲಿ, ಮಧ್ಯಾಹ್ನದ ಬಿಸಿಲೂ ಪಡುವಣದಿಂದ. ಮನೆಯ ಮೂಡಣ ಬದಿಯಲ್ಲಿ ನೆಟ್ಟರೆ ಎರಡರಿಂದಲೂ ರಕ್ಷಣೆಯಾಗುತ್ತದೆ. ಪೂರ್ವ ಕರಾವಳಿಯಲ್ಲಿ ಹಾಗಲ್ಲ. ಅಲ್ಲಿ ಬೆಳಗಿನ ಬಿಸಿಲು ಬರುವ ದಿಕ್ಕಿನಿಂದಲೇ ಕಡಲಿನ ಗಾಳಿಯೂ ಬರುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಘಟ್ಟಗಳನ್ನು ದಾಟಿದ ಒಣಗಾಳಿಯು ಪಡುವಣದಿಂದ ಬೀಸುತ್ತದೆ. ಆದುದರಿಂದ ಅಲ್ಲಿ ಮನೆಯ ಮೂಡಣ ಬದಿಯಲ್ಲಿಯೇ ನೆಟ್ಟು, ಕಡಲಿನ ಕಡೆಗೆ ಬೇಲಿಯನ್ನು ಕಟ್ಟತಕ್ಕದ್ದು. ಪಡುವಣ ಗಾಳಿಗೆ ಮನೆಯೇ ತಡೆಯಾಗುತ್ತದೆ.

ಬೇಲಿಗೆ ತೆಂಗಿನ ಗರಿಯ ತಟ್ಟಿ ಸಾಕು. ವಿಶಾಲವಾದ ತೋಟವಾದರೆ ಉಪ್ಪುಗಾಳಿಯನ್ನು ತಾಳುವ ಗಾಳಿಮರದ ಸಾಲನ್ನು ಬೆಳೆಯಿಸಬಹುದು. ಬೇಲಿಯು ಗಾಳಿಯನ್ನು ಸ್ವಲ್ಪ ಸೋಸಿ ಬಿಡುವಂತಿರಬೇಕು. ಗಟ್ಟಿಯಾದ ಗೋಡೆಗೆ ಬಡಿದ ಗಾಳಿಯು ಮೇಲೆ ಹಾರಿ ಆಚೆಯ ಬದಿಯಲ್ಲಿ ಸುಳಿಯಾಗಿ ಇಳಿಯುತ್ತದೆ. ಒಂಟಿಯಾಗಿ ನೆಡುವುದಕ್ಕಿಂತ ಮೂರು ಮೂರು ಅಡಿಗಳ ಅಂತರದಲ್ಲಿ ಗುಂಪಾಗಿ ನೆಡುವುದು ಮೇಲು. ಗಿಡಗಳ ನಡುವೆ ತೇವವು ನಿಲ್ಲುತ್ತದೆ. ಅಗಲವಾದ ಎಲೆಯ ಜಾತಿಗಳನ್ನು ಗುಂಪಿನ ಒಳಗೂ ಕಿರಿದಾದ ಎಲೆಯವನ್ನು ಅಂಚಿಗೂ ಹಾಕಬೇಕು.

ನೆಲ ಮತ್ತು ಗುಣಿ.— ಈ ಗಿಡಕ್ಕೆ ಸ್ವಲ್ಪ ಹುಳಿಯಾದ, ನೀರು ಬಸಿದುಹೋಗುವ ಮಣ್ಣು ಬೇಕು. ಕಡಲತೀರದ ಮರಳಿನಲ್ಲಿ ಚಿಪ್ಪಿನ ಸುಣ್ಣವು ಬೆರೆತಿರುವಲ್ಲಿ ಗಿಡಕ್ಕೆ ಕಬ್ಬಿಣದ ಅಂಶವು ದೊರೆಯುವುದಿಲ್ಲ. ಎಳೆಯ ಎಲೆಗಳಲ್ಲಿ ನರಗಳು ಮಾತ್ರ ಹಸುರಾಗಿದ್ದು ಉಳಿದ ಭಾಗವು ಪೇಲವವಾಗುತ್ತದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಯನ್ನು ತೋಡಿ, ಆ ಮರಳನ್ನು ತೆಗೆದುಹಾಕಿ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹೊಳೆಯ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ ಅಥವಾ ಎಲೆಗೊಬ್ಬರವನ್ನು ಬೆರಸಿ ತುಂಬತಕ್ಕದ್ದು. ಬೂದಿಯನ್ನೂ ಸುಣ್ಣವನ್ನೂ ಹಾಕಕೂಡದು.

ನೆಡುವ ಕಾಲ.— ಪೂರ್ವ ಕರಾವಳಿಯಲ್ಲಿ ಅಕ್ಟೋಬರಿನ ಮೊದಲ ಮಳೆಗಳು ಬಿದ್ದೊಡನೆ ನೆಡತಕ್ಕದ್ದು; ಬೇಸಗೆಯೊಳಗಾಗಿ ಬೇರುಗಳು ಹರಡಿಕೊಳ್ಳುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜಡಿಮಳೆಯು ತಗ್ಗಿದ ಮೇಲೆ, ಸೆಪ್ಟೆಂಬರಿನಲ್ಲಿ ನೆಡುವುದು ಲೇಸು. ಸಸ್ಯಾಗಾರದ ನೆರಳಿನಲ್ಲಿ ಬೆಳೆದ ಗಿಡವನ್ನು ತಂದ ದಿನವೇ ಬಿಸಿಲಿನಲ್ಲಿ ನೆಡಕೂಡದು. ಎರಡು ಮೂರು ವಾರ ಕುಂಡದಲ್ಲಿಯೇ ಇಟ್ಟು, ದಿನದಿನಕ್ಕೆ ಬಿಸಿಲನ್ನು ಹೆಚ್ಚಿಸುತ್ತ ಅಭ್ಯಾಸಮಾಡಿಸಬೇಕು.

ಸ್ಥಳ ಬದಲಾದಾಗ ಕೆಲವು ಎಲೆಗಳು ಉದುರುವುದು ಸಹಜ. ಗಿಡವು ಸತ್ತಿತೆಂದು ಕಿತ್ತು ಬಿಸುಡುವ ಮೊದಲು ಕಾಂಡದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡತಕ್ಕದ್ದು. ಒಳಗೆ ಹಸುರಿದ್ದರೆ ಜೀವವುಂಟು. ಮಿತವಾಗಿ ನೀರು ಕೊಟ್ಟು ಕಾದರೆ ಮತ್ತೆ ಚಿಗುರುತ್ತದೆ.

ನೀರು.— ದಿನವೂ ಚೆಂಬಿನಲ್ಲಿ ಸ್ವಲ್ಪಸ್ವಲ್ಪವಾಗಿ ಹೊಯ್ಯುವ ಪದ್ಧತಿಯು ಕೆಟ್ಟದು. ಬೇರುಗಳು ಮೇಲಕ್ಕೆ ಬಂದು ಬಿಸಿಲಿಗೆ ಒಣಗುತ್ತವೆ. ಉಪ್ಪು ಮೇಲ್ಮಣ್ಣಿನಲ್ಲಿಯೇ ಉಳಿಯುತ್ತದೆ. ನೆಟ್ಟ ಮೊದಲ ಎರಡು ತಿಂಗಳು ದಿನ ಬಿಟ್ಟು ದಿನವೂ, ಬೇರೂರಿದ ಮೇಲೆ ಬೇಸಗೆಯಲ್ಲಿ ನಾಲ್ಕೈದು ದಿನಗಳಿಗೊಮ್ಮೆಯೂ, ಒಂದಡಿ ಆಳದವರೆಗೆ ನೆನೆಯುವಂತೆ ಸಂಜೆಯಲ್ಲಿ ನೀರು ಕೊಡತಕ್ಕದ್ದು. ಬೆರಳಿನಿಂದ ಕೆದಕಿ ನೋಡಿದಾಗ ಎರಡು ಅಂಗುಲದ ಕೆಳಗೆ ತೇವವಿದ್ದರೆ ನೀರು ಬೇಕಾಗಿಲ್ಲ. ನೀರು ನಿಂತು ಬೇರು ಕೊಳೆತರೂ ಎಲೆಯು ಉದುರುತ್ತದೆಂಬುದನ್ನು ಮರೆಯಕೂಡದು.

ಗಿಡದ ಸುತ್ತ ತರಗೆಲೆ ಅಥವಾ ತೆಂಗಿನ ನಾರನ್ನು ಮೂರು ಅಂಗುಲ ದಪ್ಪವಾಗಿ ಹೊದಿಸಬೇಕು, ಕಾಂಡಕ್ಕೆ ತಾಗಿಸಕೂಡದು. ಅಕ್ಕಿ, ತರಕಾರಿಗಳನ್ನು ತೊಳೆದ ನೀರನ್ನು ಉಪಯೋಗಿಸಬಹುದು. ಸಾಬೂನಿನ ಅಥವಾ ಉಪ್ಪಿನ ನೀರು ಸಲ್ಲದು. ಕಡಲಿಗೆ ಸಮೀಪದ ಬಾವಿಯಿಂದ ಮಿತಿಮೀರಿ ನೀರೆತ್ತಿದರೆ ಕಡಲಿನ ಉಪ್ಪುನೀರು ನೆಲದೊಳಗಿನಿಂದ ಹರಿದುಬಂದು ಬಾವಿಯೇ ಕೆಡುತ್ತದೆ. ಅಲಂಕಾರದ ಗಿಡಕ್ಕಾಗಿ ಕುಡಿಯುವ ನೀರನ್ನು ಕೆಡಿಸಿಕೊಳ್ಳುವುದು ವಿವೇಕವಲ್ಲ. ಬಾವಿಯ ನೀರು ಈಗಾಗಲೇ ಉಪ್ಪಾಗಿದ್ದರೆ ಕ್ರೋಟನ್ ಬದಲಾಗಿ ಬೂಗನ್‌ವಿಲ್ಲಾ, ಎಂದರೆ ಕಾಗದದ ಹೂವಿನ ಗಿಡವನ್ನು ಬೆಳೆಯಿಸುವುದೇ ಒಳ್ಳೆಯದು.

ಸಸಿಗಳನ್ನು ಮಾಡುವುದು.— ಬೀಜದಿಂದ ಹುಟ್ಟಿದ ಸಸಿಯು ತಾಯಿಗಿಡದ ಬಣ್ಣವನ್ನು ಹೋಲುವುದಿಲ್ಲ. ಅರೆಬಲಿತ ತುದಿಗಳನ್ನು ಆರು ಅಂಗುಲ ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಒದ್ದೆ ಮರಳಿನಲ್ಲಿ ನೆರಳಿನಲ್ಲಿ ನೆಟ್ಟರೆ ಸುಮಾರು ಒಂದು ತಿಂಗಳಿಗೆ ಬೇರು ಬರುತ್ತದೆ. ದಪ್ಪ ಕೊಂಬೆಗಳಿಗೆ ಗೂಟಿ ಕಟ್ಟುವುದು ಹೆಚ್ಚು ನಂಬಿಕೆಯ ಕ್ರಮ.

ಕೀಟಗಳು.— ಒಣಹವೆಯಲ್ಲಿ ಮುಖ್ಯ ಶತ್ರು ಕೆಂಪು ನುಸಿ. ಎಲೆಯ ಮೇಲೆ ಸಣ್ಣ ಪೇಲವ ಚುಕ್ಕೆಗಳೂ ಅಡಿಯಲ್ಲಿ ನವುರಾದ ಬಲೆಯೂ ಕಂಡರೆ ಎಲೆಯ ತಳಭಾಗಕ್ಕೆ ನೀರನ್ನು ರಭಸವಾಗಿ ಚಿಮುಕಿಸತಕ್ಕದ್ದು. ಹಿಟ್ಟು ತಿಗಣೆ ಬಿದ್ದರೆ ಸಾಬೂನು ಬೆರಸಿದ ತೆಳುವಾದ ಬೇವಿನೆಣ್ಣೆಯ ನೀರನ್ನು ಸಂಜೆ ಸಿಂಪಡಿಸಿ, ಅದನ್ನು ಹರಡುವ ಇರುವೆಗಳನ್ನೂ ತಡೆಯಬೇಕು.

ಎಚ್ಚರಿಕೆ.— ಗಿಡದ ಹಾಲು ಪದೇಪದೇ ತಗುಲಿದರೆ ಕೆಲವರಿಗೆ ಚರ್ಮದಲ್ಲಿ ತುರಿಯೂ ಗಾಯವೂ ಉಂಟಾಗುತ್ತದೆ, ಬಟ್ಟೆಗೆ ಕಲೆಯಾಗುತ್ತದೆ. ಕತ್ತರಿಸಿದ ಮೇಲೆ ಕೈಯನ್ನು ತೊಳೆಯತಕ್ಕದ್ದು. ಗಿಡದ ಯಾವ ಭಾಗವನ್ನೂ ಮಕ್ಕಳು ಬಾಯಿಗಿಡದಂತೆಯೂ ದನಕರುಗಳು ಮೇಯದಂತೆಯೂ ನೋಡಿಕೊಳ್ಳಬೇಕು.

ಸಾರಾಂಶ.— ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಗಾಳಿಗೆ ತಡೆ, ಸುಣ್ಣವಿಲ್ಲದ ಮಣ್ಣು, ಅಪರೂಪವಾದರೂ ಆಳವಾಗಿ ಇಳಿಯುವ ಸಿಹಿನೀರು, ಬುಡಕ್ಕೆ ಹೊದಿಕೆ—ಈ ಆರನ್ನು ಒದಗಿಸಿದವರ ಅಂಗಳದಲ್ಲಿ ಕ್ರೋಟನ್ ಗಿಡವು ಒಣ ಕರಾವಳಿಯಲ್ಲಿಯೂ ಬಣ್ಣಗುಂದದೆ ನಿಲ್ಲುತ್ತದೆ.