ಹೊಸ ಮನೆಯ ಕಿಟಕಿ, ಹಳೆ ಮನೆಯ ಹಿತ್ತಲು

ಮೂವತ್ತು-ನಲವತ್ತರ ಸೈಟಿನಲ್ಲಿದ್ದ ಹಳೆಯ ಮನೆ ಕೆಡವಿ ನಾಲ್ಕಂತಸ್ತು ಎಬ್ಬಿಸುವುದು ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಈಗ ದಿನನಿತ್ಯದ ನೋಟ. ಪಕ್ಕದ ಮನೆಯವರಿಗೆ ಮೊದಲು ತಟ್ಟುವುದು ಧೂಳು ಮತ್ತು ಸದ್ದು. ಅದು ಇಂದಲ್ಲ ನಾಳೆ ಮುಗಿಯುತ್ತದೆ. ಮುಗಿಯದ ತಲೆನೋವು ಶುರುವಾಗುವುದು ಕಿಟಕಿ ಕೂಡಿಸಿದ ದಿನ. ಎರಡನೇ ಮಹಡಿಯ ರೂಮಿನಿಂದ ಬಗ್ಗಿದರೆ ಹಳೆ ಮನೆಯ ಹಿತ್ತಲು, ಬಟ್ಟೆ ಒಗೆಯುವ ಕಲ್ಲು, ಬಚ್ಚಲ ಬಾಗಿಲು. ಅಲ್ಲಿಯವರೆಗೆ ನೈಟಿಯಲ್ಲೇ ಪಾತ್ರೆ ಉಜ್ಜುತ್ತಿದ್ದ ಮನೆಯಾಕೆ ಮರುದಿನದಿಂದ ಹೆಗಲಿಗೊಂದು ಟವೆಲ್ ಹಾಕಿಕೊಳ್ಳುತ್ತಾರೆ. ವಾರದೊಳಗೆ ಕಾಂಪೌಂಡಿನ ಮೇಲೆ ಹಸಿರು ನೆಟ್ಟು ಏಳುತ್ತದೆ, ಎರಡೂ ಮನೆಯವರ ಮಾತು ನಿಲ್ಲುತ್ತದೆ.

ಇದಕ್ಕೆ ಕೋರ್ಟಿನಲ್ಲಿ ಪರಿಹಾರ ಇದೆಯೇ? ಇದೆ, ಆದರೆ ಜನ ಅಂದುಕೊಂಡಷ್ಟಿಲ್ಲ.

1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ನೆರೆಯ ಆಸ್ತಿಯ ಮೇಲಿನ ಅನುಭೋಗದ ಹಕ್ಕಿನ ಕಾಯ್ದೆ, ಇಂದಿಗೂ ಇಂಥ ವ್ಯಾಜ್ಯಗಳಿಗೆ ಆಧಾರ. ಮೊದಲಿಗೆ ಅದು ಜಾರಿಯಾದದ್ದು ಮದ್ರಾಸ್ ಪ್ರಾಂತ, ಮಧ್ಯಪ್ರಾಂತ ಮತ್ತು ಕೊಡಗಿನಲ್ಲಿ; ಅಂದರೆ ಇಂದಿನ ಕರ್ನಾಟಕದ ಒಂದು ಪಾಲಿಗೆ ಅದು ಹುಟ್ಟಿದಾಗಿನಿಂದ ನೆಂಟು. ಅದರ 18ನೇ ಕಲಂ ಊರಿನ ರೂಢಿಯಿಂದ ಬರುವ ಹಕ್ಕಿನ ಬಗ್ಗೆ ಹೇಳುತ್ತದೆ. ನೆರೆಯವರ ಮರೆಯ ಜಾಗ ಕಾಣುವಂತೆ ಹೊಸ ಕಿಟಕಿ ಇಡಬಾರದೆಂಬ ರೂಢಿ ಊರಲ್ಲಿದ್ದರೆ ಅದು ಹಕ್ಕಾಗುತ್ತದೆ ಎಂಬ ಉದಾಹರಣೆಯನ್ನು ಕಾಯ್ದೆಯೇ ಕೊಟ್ಟಿದೆ. 1888ರಲ್ಲಿ ಅಲಹಾಬಾದ್ ಹೈಕೋರ್ಟು ಗೋಕಲ್ ಪ್ರಸಾದ್–ರಾಧೋ ಪ್ರಕರಣದಲ್ಲಿ ಈ ಹಕ್ಕನ್ನು ಎತ್ತಿಹಿಡಿಯಿತು. ಹೊಸ ಮನೆಯ ಜಗಲಿ, ಬಾಗಿಲುಗಳಿಂದ ಪಕ್ಕದ ಮನೆಯ ಹೆಂಗಸರು ಇರುವ ಭಾಗ ಕಾಣುತ್ತಿತ್ತು ಎಂಬುದೇ ಅಲ್ಲಿನ ತಕರಾರು. ತೊಡಕೇನೆಂದರೆ, ರೂಢಿ ಇದೆ ಎಂದು ದೂರುದಾರರೇ ಸಾಬೀತುಪಡಿಸಬೇಕು. ನಿನ್ನೆ ಮೊನ್ನೆ ಹುಟ್ಟಿದ ಬಡಾವಣೆಯಲ್ಲಿ ಎಂಥ ರೂಢಿ!

ಗಾಳಿ-ಬೆಳಕಿನ ಹಕ್ಕು ಇದಕ್ಕಿಂತ ಗಟ್ಟಿ. ಒಂದು ಕಿಟಕಿಗೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಬೆಳಕು ಬಂದಿದ್ದರೆ 15ನೇ ಕಲಂ ಅದನ್ನು ಕಾಯುತ್ತದೆ. ಆದರೆ ಬೆಳಕು ಸ್ವಲ್ಪ ಕಡಿಮೆಯಾಯಿತು ಎಂದರೆ ಸಾಲದು, ಗಣನೀಯ ನಷ್ಟವಾಗಿರಬೇಕು.

2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಅದು ಮುಖ್ಯವಾಗಿ ಸರ್ಕಾರದ ಎದುರಿನ ಹಕ್ಕು. ಪಕ್ಕದ ಮನೆಯ ಕಿಟಕಿಗೆ ನೇರ ಬಾಣವಲ್ಲ. ಲಂಡನ್ನಿನಲ್ಲೂ ಈ ಜಗಳ ಸುಲಭವಾಗಿ ಬಗೆಹರಿಯಲಿಲ್ಲ. ಟೇಟ್ ಮಾಡರ್ನ್ ಗ್ಯಾಲರಿ 2016ರಲ್ಲಿ ತೆರೆದ ವೀಕ್ಷಣಾ ಮಹಡಿಯಿಂದ ಎದುರಿನ ಗಾಜಿನ ಫ್ಲ್ಯಾಟುಗಳ ಒಳಗೆಲ್ಲ ಕಾಣುತ್ತಿತ್ತು. ಎರಡು ಕೋರ್ಟುಗಳಲ್ಲಿ ಸೋತ ನಿವಾಸಿಗಳು 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು, ಅದೂ ಮೂವರು-ಇಬ್ಬರ ಬಹುಮತದಿಂದ.

ಹೀಗಾಗಿ ನಿಜವಾದ ರಕ್ಷಣೆ ಇರುವುದು ಸೆಟ್‌ಬ್ಯಾಕ್‌ನಲ್ಲಿ, ಅಂದರೆ ಕಟ್ಟಡದ ಸುತ್ತ ನಿಯಮದಂತೆ ಬಿಡಬೇಕಾದ ಖಾಲಿ ಜಾಗದಲ್ಲಿ. ನಮ್ಮವರು ಮೊದಲು ನುಂಗುವುದೂ ಅದನ್ನೇ. ಮನೆಗಳಲ್ಲಿ ಅರ್ಧದಷ್ಟು ಉಲ್ಲಂಘನೆಯನ್ನೂ ದಂಡ ಕಟ್ಟಿಸಿಕೊಂಡು ಒಪ್ಪಲು ಹೊರಟಿದ್ದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ದಂಡದ ಹಣ ಪಾಲಿಕೆಗೆ ಹೋಗುತ್ತದೆ, ಕತ್ತಲೆ ನೆರೆಯವರ ಅಡುಗೆಮನೆಗೆ ಬರುತ್ತದೆ ಎಂಬುದನ್ನು ಯೋಜನೆ ಬರೆದವರು ಯೋಚಿಸಿದಂತೆ ಕಾಣುವುದಿಲ್ಲ.

ಸೆಟ್‌ಬ್ಯಾಕ್ ಅಳೆಯುವುದು ಗಡಿಯಿಂದ; ಆ ಗಡಿಯ ತಕರಾರಿಗೆ ಮೊದಲ ಸಾಕ್ಷಿ ಕ್ರಯಪತ್ರದ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರ. ಅಳತೆಗೂ ಚೆಕ್ಕುಬಂದಿಗೂ ಹೊಂದದಿದ್ದಾಗ ಕೋರ್ಟುಗಳು ಸಾಮಾನ್ಯವಾಗಿ ಚೆಕ್ಕುಬಂದಿಗೇ ತೂಕ ಕೊಡುತ್ತವೆ. ಹಳ್ಳಿಯ ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಹಾಕಬಹುದು. ಸರ್ವೆಯರ್ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಅಳೆದು ಗಡಿ ತೋರಿಸುತ್ತಾರೆ. ಹಳೆ ಕಾಂಪೌಂಡನ್ನೇ ಗಡಿ ಎಂದು ನಂಬಿ ಪಾಯ ತೋಡಿದವರು ಆಮೇಲೆ ಅರ್ಧ ಅಡಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆಯುತ್ತಾರೆ. ಸೆಲ್ಲಾರಿಗೆ ಆಳವಾಗಿ ಅಗೆಯುವುದಿದ್ದರೆ ಪಕ್ಕದ ಗೋಡೆಯಲ್ಲಿ ಆಗಲೇ ಇರುವ ಬಿರುಕುಗಳ ಫೋಟೋವನ್ನು ಎರಡೂ ಕಡೆಯವರು ನಿಂತು ತೆಗೆಸಿಕೊಳ್ಳುವುದು ಲೇಸು. ಯಾವ ಬಿರುಕು ಹಳೆಯದು, ಯಾವುದು ಹೊಸದು ಎಂಬ ವಾದವೇ ಏಳುವುದಿಲ್ಲ.

ಕಿಟಕಿಯ ಮಟ್ಟಿಗೆ ಉಪಾಯಗಳು ದುಬಾರಿಯಲ್ಲ. ಎರಡು ಮನೆಯ ಕಿಟಕಿಗಳು ಎದುರುಬದುರಾಗದಂತೆ ಮೂರಡಿ ಪಕ್ಕಕ್ಕೆ ಸರಿಸುವುದು. ಬಚ್ಚಲಿಗೆ ಕಣ್ಣಿನ ಮಟ್ಟಕ್ಕಿಂತ ಮೇಲೆ ವೆಂಟಿಲೇಟರ್ ಇಡುವುದು. ಮಂದ ಗಾಜು ಹಾಕುವುದು. ಬಾಲ್ಕನಿಯ ಪಕ್ಕಕ್ಕೆ ಇಟ್ಟಿಗೆಯ ಜಾಲಿ ಕಟ್ಟುವುದು. ಹಳೆಯ ತೊಟ್ಟಿಮನೆಗಳು ಗಾಳಿ-ಬೆಳಕನ್ನೆಲ್ಲ ನಡುವಿನ ತೊಟ್ಟಿಯಿಂದ ಪಡೆದು, ಹೊರಗೋಡೆಗೆ ಸಣ್ಣ ಕಿಟಕಿಗಳನ್ನಷ್ಟೇ ಇಡುತ್ತಿದ್ದವು. ಸಿಸಿಟಿವಿ ಕ್ಯಾಮೆರಾಕ್ಕೂ ಇದೇ ಲೆಕ್ಕ: ಅದರ ಮುಖ ಸ್ವಂತ ಗೇಟಿನತ್ತ ಇರಲಿ, ಪಕ್ಕದವರ ಬಾಗಿಲಿನತ್ತ ಬೇಡ.

ಇದೆಲ್ಲ ನಕ್ಷೆ ಕಾಗದದ ಮೇಲಿದ್ದಾಗ ಪೆನ್ಸಿಲಿನ ಕೆಲಸ. ಲಿಂಟಲ್ ಬಿದ್ದ ಮೇಲೆ ಸಾವಿರಾರು ರೂಪಾಯಿಯ ಖರ್ಚು. ಮನೆ ಕಟ್ಟಿಸಲು ಹೊರಟವರು ಗುದ್ದಲಿ ಪೂಜೆಗೆ ಪಕ್ಕದ ಮನೆಯವರನ್ನು ಕರೆಯುವಾಗ ನಕ್ಷೆಯ ಒಂದು ಪ್ರತಿಯನ್ನೂ ಕೈಗಿಡಲಿ. ಹಳೆ ಮನೆಯವರಿಗೆ ತಕರಾರಿದ್ದರೆ ಸೆಂಟ್ರಿಂಗ್ ಏಳುವ ಮೊದಲೇ ಬಾಯಿಬಿಟ್ಟು ಹೇಳಲಿ, ಒಪ್ಪಿದ್ದನ್ನು ಇಬ್ಬರೂ ಬರೆದು ಸಹಿ ಹಾಕಿಕೊಳ್ಳಲಿ.