ಮೈಡಾಸನ ಮಗಳು ಹುಟ್ಟಿದ ಕತೆ

ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ವರ ಬೇಡಿದ ಮೈಡಾಸ್ ರಾಜನ ಕತೆಯನ್ನು ಯಾವ ಮಗುವಿಗಾದರೂ ಹೇಳಿ ನೋಡಿ. ಅದು ಉಸಿರು ಬಿಗಿಹಿಡಿಯುವುದು ಒಂದೇ ಜಾಗದಲ್ಲಿ: ಓಡಿಬಂದ ಪುಟ್ಟ ಮಗಳಿಗೆ ಅಪ್ಪ ಮುತ್ತಿಡುತ್ತಾನೆ, ಮಗಳು ಚಿನ್ನದ ಬೊಂಬೆಯಾಗಿಬಿಡುತ್ತಾಳೆ. ಆದರೆ ಈ ಕತೆಯನ್ನು ವಿಸ್ತಾರವಾಗಿ ಹೇಳಿದ ರೋಮನ್ ಕವಿ ಓವಿಡ್‌ನ ಕಾವ್ಯದಲ್ಲಿ ಈ ಮಗಳೇ ಇಲ್ಲ.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಓವಿಡ್ ಹೇಳಿದ್ದು ಹೀಗೆ. ಮದ್ಯದ ದೇವರು ಬಾಕಸ್‌ನ ಜೊತೆಗಾರ, ಮುದುಕ ಸೈಲೀನಸ್, ಕುಡಿದು ದಾರಿ ತಪ್ಪುತ್ತಾನೆ. ಫ್ರಿಜಿಯಾದ ರೈತರು ಅವನನ್ನು ಹೂಮಾಲೆಗಳಲ್ಲಿ ಕಟ್ಟಿ ತಮ್ಮ ರಾಜನ ಬಳಿ ತರುತ್ತಾರೆ. ಮೈಡಾಸ್ ಹತ್ತು ದಿನ ಔತಣವಿಟ್ಟು ಮುದುಕನನ್ನು ಬಾಕಸ್‌ಗೆ ಒಪ್ಪಿಸುತ್ತಾನೆ. ಅದರ ಋಣಕ್ಕೆ ಸಿಕ್ಕಿದ್ದು ಈ ವರ. ಕಡ್ಡಿ, ಕಲ್ಲು, ತೆನೆ, ಸೇಬು ಎಲ್ಲ ಚಿನ್ನ. ಆಮೇಲೆ ರೊಟ್ಟಿಯೂ ಚಿನ್ನ, ಕುಡಿದದ್ದು ಕರಗಿದ ಚಿನ್ನ. ಕಡೆಗೆ ಪಾಕ್ಟೋಲಸ್ ನದಿಯಲ್ಲಿ ಮಿಂದು ಬಿಡುಗಡೆ. ಆ ನದಿಯ ಮರಳಿನಲ್ಲಿ ನಿಜಕ್ಕೂ ಚಿನ್ನ ಸಿಗುತ್ತಿತ್ತು. ಓವಿಡ್‌ಗಿಂತ ಮೂರು ಶತಮಾನ ಮೊದಲೇ ಅರಿಸ್ಟಾಟಲ್ ಮೈಡಾಸನನ್ನು ನೆನೆದದ್ದೂ ಹಸಿವಿನ ಮಾತಿಗೇ: ರಾಶಿ ಸಂಪತ್ತಿದ್ದೂ ಉಪವಾಸ ಸಾಯಬಹುದೆಂದು. ಅಲ್ಲೆಲ್ಲ ಶಿಕ್ಷೆ ಹೊಟ್ಟೆಗೆ.

ಆ ಶಿಕ್ಷೆ ಎದೆಗೆ ತಾಕಿದ್ದು 1851ರ ಬೇಸಿಗೆಯಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೆನಾಕ್ಸ್ ಎಂಬ ಬೆಟ್ಟದೂರಿನ ಕೆಂಪು ಮನೆಯಲ್ಲಿ ನಥಾನಿಯಲ್ ಹಾಥಾರ್ನ್ 'ಎ ವಂಡರ್ ಬುಕ್' ಬರೆಯುತ್ತಿದ್ದರು. ಸುತ್ತ ಮೂರು ಮಕ್ಕಳು, ಕಿರಿಯಳು ಕೈಗೂಸು. ಮಕ್ಕಳ ಈ ಪುಸ್ತಕದಲ್ಲಿ ಆರು ಗ್ರೀಕ್ ಕತೆಗಳು. ಹೇಳುವವನು ಯೂಸ್ಟೇಸ್ ಬ್ರೈಟ್ ಎಂಬ ಕಾಲೇಜು ಹುಡುಗ, ಕೇಳುವವರು ಚಿಳ್ಳೆಪಿಳ್ಳೆಗಳು. ರಾಜನಿಗೊಬ್ಬಳು ಮಗಳಿದ್ದಳು, ತನ್ನನ್ನು ಬಿಟ್ಟು ಯಾರೂ ಅವಳ ಸುದ್ದಿ ಕೇಳಿಲ್ಲ ಎಂದು ಯೂಸ್ಟೇಸ್ ಮೈಡಾಸನ ಕತೆಯ ಶುರುವಿನಲ್ಲೇ ಹೇಳಿ, ಅವಳಿಗೆ ಮೇರಿಗೋಲ್ಡ್ ಎಂದು ಹೆಸರಿಡುತ್ತಾನೆ.

ಮುತ್ತಿನ ಗಳಿಗೆಗೆ ಹಾಥಾರ್ನ್ ನಮ್ಮನ್ನು ಅಣಿಗೊಳಿಸುವ ಬಗೆ ನೋಡಿ. ಅಪ್ಪ ತೋಟದ ಗುಲಾಬಿಗಳನ್ನೆಲ್ಲ ಚಿನ್ನ ಮಾಡುತ್ತಾನೆ. ಅವಳು ಅಳುತ್ತ ಬರುತ್ತಾಳೆ, ಹೂವಿಗೆ ಪರಿಮಳವೇ ಇಲ್ಲ. ಬೆಳಗಿನ ತಿಂಡಿಗೆ ಹೊಳೆಮೀನು, ಸುಟ್ಟ ಆಲೂಗಡ್ಡೆ, ಮೊಟ್ಟೆ, ಕಾಫಿ. ಪ್ರಾಚೀನ ಫ್ರಿಜಿಯಾದ ಅರಸನಿಗೆ ಆಲೂಗಡ್ಡೆ, ಕಾಫಿ ಎಲ್ಲಿಂದ ಬರಬೇಕು? ಕೇಳುವ ಮಗುವಿನ ಮನೆಯ ಮೇಜಿನಿಂದ. ಹಸಿದು ಕಂಗೆಟ್ಟ ಅಪ್ಪನನ್ನು ಸಮಾಧಾನ ಮಾಡಲು ಮಗಳು ಓಡಿಬಂದು ತಬ್ಬುತ್ತಾಳೆ, ಅವನು ಮುತ್ತಿಡುತ್ತಾನೆ. ಮಗಳನ್ನು ಬೊಂಬೆಯಾಗಿಸಿದ್ದು ದುರಾಸೆಯಷ್ಟೇ ಅಲ್ಲ, ಅವನ ಪ್ರೀತಿಯೂ ಹೌದು. ಮೂಲಕ್ಕಿಂತ ಇದೇ ಆಳವಾದ ಕತೆ ಎಂದು ನಾನು ನಂಬುತ್ತೇನೆ.

ಪುಸ್ತಕದೊಳಗೇ ಒಬ್ಬ ಹಿರಿಯರು ಯೂಸ್ಟೇಸ್‌ನನ್ನು ಗದರಿಸುತ್ತಾರೆ, ಗ್ರೀಕ್ ಕತೆಗಳಿಗೆ ಕೈಹಚ್ಚಬೇಡ ಎಂದು. ಇವು ಮನುಷ್ಯಕುಲಕ್ಕೆಲ್ಲ ಸೇರಿದ ಆಸ್ತಿ ಎಂಬುದು ಹುಡುಗನ ಉತ್ತರ. ಸರಿಯಾದ ಮಾತು, ಆದರೂ ಆ ಸಲಿಗೆ ಎಲ್ಲೆಡೆ ಫಲಿಸಲಿಲ್ಲ. ಅದೇ ಪುಸ್ತಕದ ಪಂಡೋರಾ ಕತೆಯನ್ನೇ ನೋಡಿ: ಪ್ರಾಚೀನ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಅವಳು ಬರುವುದು, ಪ್ರೊಮೀಥಿಯಸ್ ಬೆಂಕಿ ಕದ್ದದ್ದಕ್ಕೆ ದೇವರಾಜ ಸ್ಯೂಸ್ ಮನುಷ್ಯರ ಮೇಲೆ ತೀರಿಸಿಕೊಂಡ ಸೇಡಾಗಿ. ಹಾಥಾರ್ನ್‌ರಲ್ಲಿ ಅವಳು ಕಷ್ಟಗಳು ತುಂಬಿದ ಪೆಟ್ಟಿಗೆ ತೆರೆಯುವ ಕುತೂಹಲದ ಹುಡುಗಿ ಮಾತ್ರ. ದೇವರ ಅನ್ಯಾಯ ಮಾಯವಾಗಿ, ತಪ್ಪೆಲ್ಲ ಮಗುವಿನ ತಲೆಗೆ ಬಂತು.

ಮಕ್ಕಳಿಗೆ ಗ್ರೀಕ್ ಕತೆ ಹೇಳುವ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1856ರಲ್ಲಿ ಚಾರ್ಲ್ಸ್ ಕಿಂಗ್ಸ್‌ಲಿ ತಮ್ಮ ಮಕ್ಕಳಿಗಾಗಿ 'ದಿ ಹೀರೋಸ್' ಬರೆದು ಗಂಭೀರ ದಾರಿ ಹಿಡಿದರು. ರಿಕ್ ರಿಯೋರ್ಡನ್ ಮಗನಿಗೆ ಹೇಳಿದ ಮಲಗುವ ಹೊತ್ತಿನ ಕತೆ 2005ರಲ್ಲಿ ಪರ್ಸಿ ಜಾಕ್ಸನ್ ಕಾದಂಬರಿಯಾಯಿತು. ಅಕ್ಷರ ಓದಲು ತಿಣುಕುವ ಮಗನಂಥ ಹುಡುಗನೇ ಅಲ್ಲಿ ದೇವಪುತ್ರ.

ಮೇರಿಗೋಲ್ಡ್ ಮಾತ್ರ ತನ್ನ ಹೆಸರನ್ನೂ ಸೃಷ್ಟಿಕರ್ತನನ್ನೂ ಬಿಟ್ಟು, ಬರೀ 'ರಾಜನ ಮಗಳು' ಆಗಿ ನಮ್ಮ ಮಕ್ಕಳವರೆಗೂ ನಡೆದು ಬಂದಳು. ದಾರಿಯಲ್ಲಿ ಸೈಲೀನಸ್ ಕಳೆದುಹೋದ. ಮೈಡಾಸನ ಕತ್ತೆಕಿವಿಯೂ ಹೋಯಿತು. ಓವಿಡ್‌ನ ಮೈಡಾಸ್ ಸಿರಿಯನ್ನು ದ್ವೇಷಿಸಿ ಕಾಡು ಸೇರಿದರೂ ಬುದ್ಧಿವಂತನಾಗುವುದಿಲ್ಲ. ಸಂಗೀತದ ದೇವರು ಅಪೊಲೊನ ವಾದನಕ್ಕಿಂತ ಕಾಡಿನ ದೇವರು ಪ್ಯಾನ್‌ನ ಕೊಳಲೇ ಮೇಲೆಂದು ವಾದಿಸಿ ಕತ್ತೆಯ ಕಿವಿ ಪಡೆಯುತ್ತಾನೆ. ಗುಟ್ಟು ತಡೆಯಲಾರದ ಕ್ಷೌರಿಕ ಅದನ್ನು ಗುಂಡಿಗೆ ಪಿಸುಗುಟ್ಟಿ ಮಣ್ಣು ಮುಚ್ಚುತ್ತಾನೆ, ಅಲ್ಲಿ ಬೆಳೆದ ಜೊಂಡು ಗಾಳಿಗೆ ಊರಿಗೆಲ್ಲ ಸಾರುತ್ತದೆ. ಕನ್ನಡದಲ್ಲಿ ಮೈಡಾಸನನ್ನು ಇನ್ನೊಮ್ಮೆ ಬರೆಯುವವರು ಮಗಳನ್ನು ಉಳಿಸಿಕೊಂಡು ಈ ಜೊಂಡನ್ನೂ ಮರಳಿ ತರಲಿ.