ಸಂಬಳವಿಲ್ಲದ ಗುಮಾಸ್ತರು

ಅಮೆರಿಕದ ಹಾಸ್ಯನಟಿ ಫಿಲಿಸ್ ಡಿಲ್ಲರ್ ತನ್ನ ಜೋಕುಗಳನ್ನು ಪುಟ್ಟ ಕಾರ್ಡುಗಳಲ್ಲಿ ಟೈಪ್ ಮಾಡಿ, ವಿಷಯವಾರು ವಿಂಗಡಿಸಿ, ಉಕ್ಕಿನ ಬೀರುವಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು. 48 ಖಾನೆಗಳು ಸಾಲದೆ ಇನ್ನೂ ಮೂರು ಖಾನೆಯ ಪೆಟ್ಟಿಗೆಯೊಂದು ಸೇರಿತು. 2003ರಲ್ಲಿ ಆ ಬೀರು ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಮ್ಮಿಗೆ ಬಂತು. ಒಳಗಿದ್ದದ್ದು 52 ಸಾವಿರಕ್ಕೂ ಹೆಚ್ಚು ಕಾರ್ಡು.

ಸ್ಕ್ಯಾನ್ ಮಾಡಿದರೆ ಮುಗಿಯಿತಲ್ಲ ಎಂದುಕೊಳ್ಳಬೇಡಿ. ಸ್ಕ್ಯಾನ್ ಎಂದರೆ ಬರಿಯ ಫೋಟೊ. ಅತ್ತೆಯ ಮೇಲಿನ ಜೋಕು ಯಾವ ಕಾರ್ಡಿನಲ್ಲಿದೆ ಎಂದು ಹುಡುಕಬೇಕಾದರೆ ಅಕ್ಷರಗಳು ಯಾರದಾದರೂ ಕೈಯಿಂದ ಟೈಪ್ ಆಗಬೇಕು. 2017ರಲ್ಲಿ ಮ್ಯೂಸಿಯಂ ಕಾರ್ಡುಗಳನ್ನು ಸಾರ್ವಜನಿಕರ ಮುಂದಿಟ್ಟಿತು. ನಗುವ ಕೆಲಸವನ್ನು ಯಾರು ಬೇಡವೆನ್ನುತ್ತಾರೆ? ಜನ ಮುಗಿಬಿದ್ದರು.

ಸ್ಮಿತ್ಸೋನಿಯನ್ನಿನ 'ಟ್ರಾನ್ಸ್‌ಕ್ರಿಪ್ಷನ್ ಸೆಂಟರ್' 2013ರಿಂದ ಇಂಥ ಕೆಲಸ ನಡೆಸುತ್ತಿದೆ. ಪರದೆಯ ಒಂದು ಕಡೆ ಹಳೆಯ ಪುಟ, ಇನ್ನೊಂದು ಕಡೆ ಖಾಲಿ ಚೌಕ. ಒಬ್ಬರು ಓದಿ ಟೈಪ್ ಮಾಡುತ್ತಾರೆ, ಮತ್ತೊಬ್ಬರು ಮೂಲದೊಡನೆ ಹೋಲಿಸಿ ತಿದ್ದುತ್ತಾರೆ, ಆಮೇಲಷ್ಟೇ ಅದು ಸಂಸ್ಥೆಯ ಸಿಬ್ಬಂದಿಯ ಕೈಗೆ. ಮೂಲದಲ್ಲಿ ಕಾಗುಣಿತ ತಪ್ಪಿದ್ದರೆ ತಪ್ಪನ್ನೇ ಉಳಿಸಬೇಕು. ಓದಲಾಗದ ಪದವನ್ನು ಊಹಿಸಿ ತುಂಬಬಾರದು, ಜೋಡಿ ಆವರಣದೊಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಬೇಕು. ತಿಳಿದವರಿಗೇ ಈ ಸಂಯಮ ಕಷ್ಟ!

ಕೆಲಸ ಬಂಬಲ್‌ಬೀ ದುಂಬಿಗಳದ್ದೂ ಇದೆ. ಸೂಜಿಗೆ ಚುಚ್ಚಿದ ದುಂಬಿಯ ಕೆಳಗೆ, ಅದೇ ಸೂಜಿಯಲ್ಲಿ, ಉಗುರಿನಷ್ಟಗಲದ ಚೀಟಿಗಳಿರುತ್ತವೆ: ಹಿಡಿದ ಊರು, ತಾರೀಖು, ಹಿಡಿದವರ ಹೆಸರು. ಯಾವ ಜಾತಿಯ ದುಂಬಿ ಹಿಂದೆ ಎಲ್ಲಿತ್ತು, ಈಗ ಎಲ್ಲಿಲ್ಲ ಎಂಬುದಕ್ಕೆ ಈ ಚೀಟಿಗಳೇ ಸಾಕ್ಷಿ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಮಾತ್ರ ಫ್ರೀಡ್‌ಮೆನ್ಸ್ ಬ್ಯೂರೊ ಕಾಗದಗಳು. ಅಮೆರಿಕದ ಅಂತರ್ಯುದ್ಧ ಮುಗಿಯುತ್ತಿದ್ದಾಗ, 1865ರಲ್ಲಿ, ಬಿಡುಗಡೆಯಾದ ಗುಲಾಮರ ನೆರವಿಗೆ ಹುಟ್ಟಿ 1872ರಲ್ಲಿ ಮುಚ್ಚಿದ ಕಚೇರಿಯದು. ಕೂಲಿ ಕರಾರು, ಪಡಿತರದ ಪಟ್ಟಿ, ಮದುವೆಯ ನೋಂದಣಿ, ಒಡೆಯನ ಮೇಲಿನ ದೂರು, ಶಾಲೆಯ ವರದಿ, ಎಲ್ಲವೂ ಓರೆ ಕೈಬರಹದಲ್ಲಿ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ವಯಸ್ಸು, ಲಿಂಗ, ಬಣ್ಣ ಇತ್ತು. ಹೆಸರು ಮಾತ್ರ ಹೆಚ್ಚುಕಡಿಮೆ ಇರಲೇ ಇಲ್ಲ. ಇದ್ದದ್ದು ಒಡೆಯನ ಹೆಸರು. ಹಾಗಾಗಿ ಮುತ್ತಜ್ಜನನ್ನು ಹುಡುಕುವ ಆಫ್ರಿಕನ್ ಅಮೆರಿಕನ್ ಮನೆತನಗಳಿಗೆ 1870ರ ಗಣತಿ ದಾಟಿ ಹಿಂದೆ ಹೋಗುವುದೆಂದರೆ ಗೋಡೆಗೆ ತಲೆ ಚಚ್ಚಿಕೊಂಡಂತೆ. ಬ್ಯೂರೊ ಕಾಗದಗಳು ಆ ಗೋಡೆಯಲ್ಲಿ ಕಿಂಡಿ ತೆರೆದಿವೆ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಹೆಸರನ್ನು ಹಾಗೆಯೇ ಟೈಪ್ ಮಾಡಬೇಕೆಂಬ ನಿಯಮದ ಬೆಲೆ ಇಲ್ಲಿ ತಿಳಿಯುತ್ತದೆ.

ಮ್ಯೂಸಿಯಮ್ಮುಗಳು ಬಿಟ್ಟಿ ದುಡಿಸಿಕೊಳ್ಳುತ್ತಿವೆ ಎಂಬ ಟೀಕೆಯೂ ಇದೆ. ಅದನ್ನು ಪೂರ್ತಿ ತಳ್ಳಿಹಾಕಲಾರೆ. ಯಾವ ಪೆಟ್ಟಿಗೆ ಮೊದಲು ತೆರೆಯಬೇಕೆಂದು ನಿರ್ಧರಿಸುವವರು ಇಂದಿಗೂ ಸಂಬಳದವರೇ. ಆದರೆ ಮುಗಿದ ಪಠ್ಯ ಎಲ್ಲರಿಗೂ ಉಚಿತ. ಕೈಬರಹ ಓದುವ ಯಂತ್ರಗಳು ಬರುತ್ತಿವೆ, ನಿಜ. ಯಂತ್ರ ಹೆಸರನ್ನು ತಪ್ಪಾಗಿ ಓದಿದರೆ ಹಿಡಿಯುವುದಕ್ಕೂ ಮೂಲ ನೋಡುವ ಒಬ್ಬರು ಬೇಕಲ್ಲ.

ಸೇರಲು ಅಮೆರಿಕದವರೇ ಆಗಬೇಕಿಲ್ಲ. ಟೈಪ್ ಮಾಡಲು ಖಾತೆಯೂ ಬೇಡ, ಬೇರೆಯವರದ್ದನ್ನು ತಿದ್ದಲು ಮಾತ್ರ ಬೇಕು. ಕೂಡಿಸಿ ಬರೆದ ಹಳೆಯ ಇಂಗ್ಲಿಷ್ ಕೈಬರಹ ಓದಬಲ್ಲ ನಿವೃತ್ತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಂದೇ ಪುಟ ಮಾಡಿ ಬಿಟ್ಟರೂ ಯಾರೂ ಕೇಳುವುದಿಲ್ಲ.